ಅತ್ತೆ ಹೊಡೆದ ಗಂಟೆ

ಕಳೆದ ಭಾನುವಾರ ಹ್ಯೂಸ್ಟನ್ ಪಕ್ಕದ ಪೇರ್ಲ್ಯಾಂಡಿನ ದೇವಸ್ಥಾನಕ್ಕೆ ಹೋದಾಗ ಬಾಗಿಲ ಗಂಟೆಯ ನಾಲಗೆಗೆ ಯಾರೋ ಬಿಳಿ ಟವೆಲ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಳಗೆ ಮಕ್ಕಳಿಗೆ ಶ್ಲೋಕದ ತರಗತಿ ನಡೆಯುತ್ತಿತ್ತಂತೆ. ಬಂದ ಬಂದವರೆಲ್ಲ ಬಾರಿಸಿದರೆ ಪಾಠ ಕೇಳಿಸುವುದಿಲ್ಲವಂತೆ. ಮಾತು ನ್ಯಾಯವೇ. ಆದರೆ ಅದನ್ನೆಲ್ಲ ಕೇಳಿ ತಿಳಿಯುವ ಮೊದಲೇ ನನ್ನ ಕೈ ಮೇಲೆ ಹೋಗಿಬಿಟ್ಟಿತ್ತು. ಗಂಟೆ 'ಥಪ್' ಎಂದಿತು, ಅಷ್ಟೆ. ಹಿಂದೆ ನಿಂತಿದ್ದ ಶುಗರ್ ಲ್ಯಾಂಡಿನ ಡಾಕ್ಟರ್ ಅಂಕಲ್, "ನಿಮ್ಮ ಕೈಯಲ್ಲಿ ಆಗಲ್ಲ ಬಿಡಿ. ಗಂಟೆ ಅಂದ್ರೆ ನಿಮ್ಮ ಅತ್ತೇನೇ ಬಾರಿಸ್ಬೇಕು!" ಎಂದು ಜೋರಾಗಿ ನಕ್ಕರು. ಸುತ್ತಲಿದ್ದ ನಾಲ್ಕಾರು ಜನರೂ ನಕ್ಕರು. ನಾನೂ ನಗಬೇಕಾಯಿತು.

ಹ್ಯೂಸ್ಟನ್ನಿನ ನಮ್ಮ ಕನ್ನಡದವರಿಗೆಲ್ಲ ಗೊತ್ತಿರುವ ಕಥೆ ಅದು. ವೇಲ್ಸಿನ ಹಳ್ಳಿಯೊಂದರ ಹಳೆಯ ಚರ್ಚಿನಲ್ಲಿ ನನ್ನ ಅತ್ತೆ ಗಂಟೆ ಹೊಡೆದು ಊರಿಗೆ ಊರನ್ನೇ ಗಾಬರಿಗೊಳಿಸಿದ ಕಥೆ. ಯಾರ ಮನೆಯ ಊಟಕ್ಕೆ ಹೋದರೂ "ಆಂಟಿ, ಗಂಟೆ ಕಥೆ" ಎಂದು ಒಬ್ಬರಾದರೂ ಕೇಳುತ್ತಾರೆ. ಅತ್ತೆ ಸೆರಗು ಸರಿಮಾಡಿಕೊಂಡು, ಪ್ರತಿ ಸಲ ಒಂದೆರಡು ಪೆಟ್ಟು ಜಾಸ್ತಿ ಸೇರಿಸಿ ಹೇಳುತ್ತಾರೆ. ಅದರಲ್ಲಿ ಚರ್ಚು ನಿಜ, ಊರು ನಿಜ, ಗಾಬರಿಯೂ ನಿಜ. ಅತ್ತೆ ಗಂಟೆ ಹೊಡೆದದ್ದು ಮಾತ್ರ ಸುಳ್ಳು. ಹೊಡೆದವಳು ನಾನು.

ಗಂಟೆಯ ಚಟ ನನಗೆ ಮೈಸೂರಿನಿಂದ ಅಂಟಿಕೊಂಡು ಬಂದದ್ದು. ನಮ್ಮ ಬೀದಿಯ ಕೊನೆಯ ಗಣಪತಿ ಗುಡಿಯಲ್ಲಿ ಗಂಟೆ ಮಕ್ಕಳಿಗೆ ಎಟುಕದಷ್ಟು ಮೇಲಿತ್ತು. ಯಾರಾದರೂ ಎತ್ತಿಕೊಳ್ಳಬೇಕು. ಅಪ್ಪ ಮೊದಲು ತಮ್ಮನನ್ನು ಎತ್ತುತ್ತಿದ್ದರು. ಅವನು ಮನಸಾರೆ ಬಾರಿಸಿ ಇಳಿಯುವಷ್ಟರಲ್ಲಿ ಅಪ್ಪನಿಗೆ ಸೊಂಟ ಹಿಡಿದಿರುತ್ತಿತ್ತು. ನನ್ನ ಪಾಲಿಗೆ ಒಂದೇ ಒಂದು ಪೆಟ್ಟು. ಆರನೆಯ ಕ್ಲಾಸಿನಲ್ಲಿ, ತುದಿಗಾಲಿನಲ್ಲಿ ನಿಂತಾಗ ಬೆರಳಿಗೆ ಗಂಟೆಯ ತಣ್ಣನೆಯ ಅಂಚು ಸಿಕ್ಕಿದ ಸಂಜೆ ನನಗೆ ಇನ್ನೂ ನೆನಪಿದೆ. ನಾನು ನಿಲ್ಲಿಸಲೇ ಇಲ್ಲ. ಒಳಗಿನಿಂದ ಅರ್ಚಕರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಹೊರಗೆ ಬಂದು, "ಸಾಕು ಕಣಮ್ಮಾ, ಸ್ವಾಮಿಗೆ ಎಚ್ಚರ ಆಯ್ತು" ಎಂದರು.

ಇಲ್ಲಿಗೆ ಬಂದ ಮೇಲೂ ಬುದ್ಧಿ ಬರಲಿಲ್ಲ. ಡಾಲಸ್‌ನಲ್ಲಿ ಕನ್ನಡ ಕಾರ್ಯಕ್ರಮಕ್ಕೆಂದು ಹೋಗಿ ಹೋಟೆಲಿನಲ್ಲಿ ಇಳಿದಾಗ ಕೌಂಟರಿನ ಮೇಲಿದ್ದ ಪುಟ್ಟ ಗಂಟೆಯನ್ನು ಮೂರು ಸಲ ಒತ್ತಿದ್ದೆ. ಕೌಂಟರಿನ ಹುಡುಗಿ ನನ್ನೆದುರಿಗೇ ನಿಂತು ನನ್ನ ಹೆಸರು ಕೇಳುತ್ತಿದ್ದಳು. ಇನ್ನೊಂದು ಸಲ ಆಸ್ಟಿನ್‌ಗೆ ಹೋಗುವ ದಾರಿಯಲ್ಲಿ, ಗೆಳತಿಯೊಬ್ಬಳ ಮಗನ ಹುಟ್ಟುಹಬ್ಬ ದನ ಸಾಕುವ ಒಂದು ದೊಡ್ಡ ಫಾರ್ಮಿನಲ್ಲಿತ್ತು. ಕಂಬದ ಮೇಲೆ ದೊಡ್ಡ ಕಬ್ಬಿಣದ ಗಂಟೆ, ಅದಕ್ಕೊಂದು ಸರಪಳಿ. ಎಳೆದೆ. ಅದು ಊಟದ ಗಂಟೆಯಂತೆ. ಬೇಲಿ ಕಟ್ಟುತ್ತಿದ್ದ ಕೆಲಸದವರೆಲ್ಲ ಟೋಪಿ ತೆಗೆದು, ಕೈ ತೊಳೆದುಕೊಂಡು, ಖಾಲಿ ಮೇಜಿನ ಮುಂದೆ ಬಂದು ನಿಂತರು. ಆ ದಿನವೇ ನನ್ನ ಗಂಡ, ಇನ್ನು ನನ್ನನ್ನು ಯಾವ ಗಂಟೆಯ ಹತ್ತಿರಕ್ಕೂ ಒಬ್ಬಳನ್ನೇ ಬಿಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು.

ವೇಲ್ಸಿನ ವಿಷಯಕ್ಕೆ ಬರುವ ಮುಂಚೆ ಇನ್ನೊಂದು ಸುಳ್ಳಿನ ಬಗ್ಗೆ ಹೇಳಿಬಿಡಬೇಕು. ಇದು ನಗುವಂಥದ್ದಲ್ಲ. ನಮ್ಮ ಮಾವ ಧಾರವಾಡದಲ್ಲಿ ಬೆಳಗಿನ ಕಾಫಿ ಕುಡಿಯುತ್ತಾ ಕುಳಿತಲ್ಲೇ ಹೋಗಿಬಿಟ್ಟರು. ಅತ್ತೆ ಅವತ್ತು ತಂಗಿಯ ಮೊಮ್ಮಗಳ ನಾಮಕರಣಕ್ಕೆಂದು ಬೆಳಗಾವಿಯಲ್ಲಿದ್ದರು. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಅವರಿಗೂ "ಸ್ವಲ್ಪ ಆರಾಮಿಲ್ಲ, ಬರ್ರಿ" ಎಂದಷ್ಟೇ ಹೇಳಿ ಬಸ್ಸು ಹತ್ತಿಸಿದರು. ಧಾರವಾಡದಲ್ಲಿ ಯಾರೂ ಫೋನ್ ಎತ್ತದ್ದರಿಂದ ಅತ್ತೆ ಬಸ್ಸು ಹೊರಡುವ ಮುಂಚೆ ಬಸ್‌ಸ್ಟ್ಯಾಂಡಿನಿಂದ ಹ್ಯೂಸ್ಟನ್ನಿನಲ್ಲಿದ್ದ ನಮಗೇ ಫೋನ್ ಮಾಡಿದರು. ನನ್ನ ಗಂಡ 'ಅಮ್ಮಾ' ಎಂದವರೇ ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟರು. "ಏನಿಲ್ಲ ಅತ್ತೆ, ಡಾಕ್ಟ್ರು ನೋಡ್ತಾ ಇದಾರಂತೆ. ಆರಾಮಾಗಿದಾರೆ" ಎಂದೆ ನಾನು. ಆಗ ಮಾವ ಹೋಗಿ ಒಂದು ಗಂಟೆಯಾಗಿತ್ತು.

ಆಮೇಲೆ ಅತ್ತೆ ನಮ್ಮ ಜೊತೆ ಇರಲು ಶುಗರ್ ಲ್ಯಾಂಡಿಗೆ ಬಂದರು. ಜೋಳದ ಹಿಟ್ಟು ಸರಿಯಿಲ್ಲವೆಂದು ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿಗಳವರ ಜೊತೆ ಹಿಂದಿಯಲ್ಲಿ ಜಗಳವಾಡಿದರು, ಹಿತ್ತಿಲಲ್ಲಿ ಮೆಂತ್ಯ ಬೆಳೆದರು, ಮೊಮ್ಮಗಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು. ಆ ಫೋನಿನ ಬಗ್ಗೆ ಮಾತ್ರ ಒಂದು ದಿನವೂ ಎತ್ತಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಎರಡು ವರ್ಷ ಅತ್ತೆ–ಸೊಸೆ ಇಬ್ಬರೂ ಉಪ್ಪು, ಹುಳಿ, ಹವಾಮಾನಗಳ ಬಗ್ಗೆಯೇ ಬಹಳ ಮರ್ಯಾದೆಯಿಂದ ಮಾತಾಡಿಕೊಂಡಿದ್ದೆವು.

ಹಾಗಿರುವಾಗ ನನ್ನ ಗಂಡನಿಗೆ ಎರಡು ವಾರ ವೇಲ್ಸಿನ ಕರಾವಳಿಯ ಗ್ಯಾಸ್ ಟರ್ಮಿನಲ್ ಒಂದರಲ್ಲಿ ಕೆಲಸ ಬಿತ್ತು. ಅವರು ಪೈಪ್‌ಲೈನ್ ಎಂಜಿನಿಯರ್. ಮಗಳು ಅನಘಾಗೆ ಬೇಸಿಗೆ ರಜೆ. ನಾನೂ ಆಸ್ಪತ್ರೆಯ ಲ್ಯಾಬಿಗೆ ರಜೆ ಹಾಕಿ, ನಾಲ್ಕೂ ಜನ ಹೊರಟೆವು. ಹ್ಯೂಸ್ಟನ್ನಿನ ಜುಲೈ ಬಿಟ್ಟು ಹೋದವರಿಗೆ ಅಲ್ಲಿನ ಜುಲೈಯಲ್ಲಿ ಸ್ವೆಟರ್ ಹಾಕಿಕೊಳ್ಳುವುದೇ ಒಂದು ಹಬ್ಬ. ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ನಾವು ಮೂವರು ಬಾಡಿಗೆ ಕಾರಿನಲ್ಲಿ ಸುತ್ತುವುದು. ಟೆಕ್ಸಸ್ಸಿನ ಹನ್ನೆರಡು ಲೇನಿನ ರಸ್ತೆಗಳಲ್ಲಿ ಹುಲಿಯಾಗಿದ್ದ ನಾನು ಅಲ್ಲಿನ ಬೇಲಿಗಳ ನಡುವಿನ ಒಂದೂವರೆ ಕಾರಿನಷ್ಟು ದಾರಿಗಳಲ್ಲಿ, ಎದುರಿಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ ಅತ್ತೆಯ ಎದುರಿಗೇ ಇಲಿಯಾದೆ.

ಎಂಟು ದಿನವಾಗುವ ಹೊತ್ತಿಗೆ ಅತ್ತೆಗೆ ಕಸಿವಿಸಿ ಶುರುವಾಯಿತು. "ಎಂಟು ದಿನಾ ಆತು, ಒಂದು ಗುಡಿ ಇಲ್ಲ, ಒಂದು ದರ್ಶನ ಇಲ್ಲ. ಎಲ್ಲ್ಯರೆ ಕರಕೊಂಡು ಹೋಗು."

"ಇಲ್ಲಿ ದೇವಸ್ಥಾನ ಇಲ್ಲ ಅತ್ತೆ. ಚರ್ಚ್ ಇದಾವೆ."

"ಯಾವ ದೇವರಾದ್ರೂ ನಡೀತದ. ಹಳೇ ದೇವರು ಇರಬೇಕು, ಅಷ್ಟ."

ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ, ಹತ್ತಿರದ ಹಳ್ಳಿಯೊಂದರಲ್ಲಿ ಎಂಟುನೂರು ವರ್ಷದ ಚರ್ಚ್ ಇದೆ ಎಂದಳು. ಅತ್ತೆ ತಲೆದೂಗಿದರು. ಎಂಟುನೂರು ವರ್ಷ ಅವರ ಲೆಕ್ಕದಲ್ಲಿ ಅಂಥ ಹಳೆಯದೇನಲ್ಲ, ಆದರೆ ನಡೆಯುತ್ತದೆ. ಆ ಹಳ್ಳಿಯ ಹೆಸರನ್ನು ನಾನು ಹೇಳಲಾರೆ. ಹೇಳಲು ಹೋದಾಗ ಯಜಮಾನಿ ನನಗೆ ನೀರು ತಂದುಕೊಟ್ಟಳು.

ಹಳ್ಳಿಯೆಂದರೆ ಹತ್ತು ಹದಿನೈದು ಮನೆ, ಒಂದು ಸೇತುವೆ, ಗುಡ್ಡದ ತುಂಬ ಕುರಿ. ಚರ್ಚು ನಾನು ಅಂದುಕೊಂಡಂತೆ ಮುಗಿಲೆತ್ತರದ ಗೋಪುರದ್ದಲ್ಲ. ಕಲ್ಲಿನ ಗೋಡೆ, ಕಪ್ಪು ಚಪ್ಪಡಿಯ ಸೂರು, ತುದಿಯಲ್ಲಿ ಪುಟ್ಟ ಕಮಾನು, ಅದರೊಳಗೊಂದು ಗಂಟೆ. ಸುತ್ತ ದುಂಡಗಿನ ಅಂಗಳದಲ್ಲಿ ವಾಲಿದ ಸಮಾಧಿಕಲ್ಲುಗಳು, ಕಪ್ಪು ಹಸಿರಿನ ಭಾರೀ ಮರಗಳು. ಬಾಗಿಲ ಮುಂದಿನ ಜಗುಲಿಯಲ್ಲಿ ಯಾರೋ ಕೆಸರಾದ ರಬ್ಬರ್ ಬೂಟು ಬಿಚ್ಚಿಟ್ಟಿದ್ದರು. ಅದನ್ನು ನೋಡಿದ್ದೇ ಅತ್ತೆಗೆ ಊರಿನ ಮೇಲೆ ಗೌರವ ಹುಟ್ಟಿತು. "ನೋಡು, ಇವರಿಗೂ ತಿಳೀತದ" ಎಂದು ತಮ್ಮ ಚಪ್ಪಲಿಯನ್ನು ಆ ಬೂಟಿನ ಪಕ್ಕದಲ್ಲಿ ಬಿಟ್ಟು, ಕಾಲುಚೀಲವನ್ನೂ ತೆಗೆದು, ಒದ್ದೆ ಹುಲ್ಲಿನ ಮೇಲೆ ಚರ್ಚಿಗೆ ಮೂರು ಪ್ರದಕ್ಷಿಣೆ ಹಾಕಿದರು. ಅನಘಾ ನಾಚಿಕೆಯಿಂದ ಮರದ ಹಿಂದೆ ನಿಂತಳು. "ಅಮ್ಮಾ, ಪ್ಲೀಸ್, ಸ್ಟಾಪ್ ಹರ್" ಎಂದಳು. ನಾನೂ ಚಪ್ಪಲಿ ಬಿಟ್ಟೆ. ಅತ್ತೆ ಬಿಟ್ಟ ಮೇಲೆ ಸೊಸೆ ಬಿಡದಿದ್ದರೆ ಹೇಗೆ?

ಒಳಗೆ ಯಾರೂ ಇರಲಿಲ್ಲ. ಸುಣ್ಣದ ಗೋಡೆ, ಹಸಿ ಕಲ್ಲಿನ ವಾಸನೆ, ಮೇಣದ ಪಾಲಿಶ್ ಹಚ್ಚಿದ ಬೆಂಚುಗಳು. ಪ್ರತಿ ಬೆಂಚಿನ ಕೆಳಗೆ ಮಂಡಿಯೂರಲು ಕಸೂತಿ ಹಾಕಿದ ದಪ್ಪ ಮೆತ್ತೆಗಳು: ಒಂದರಲ್ಲಿ ಕುರಿ, ಒಂದರಲ್ಲಿ ಹಡಗು, ಒಂದರಲ್ಲಿ ಹಳದಿ ಹೂವು. ಧಾರವಾಡದ ಹೆಂಗಸಿಗೆ ಕಸೂತಿ ಕಂಡರೆ ದೇವರೂ ಎರಡನೆಯವನು. ಅತ್ತೆ ಅಲ್ಲೇ ನೆಲದ ಮೇಲೆ ಕುಳಿತು ಒಂದೊಂದನ್ನೇ ತೆಗೆದು, ಅಂಚಿನ ಹೊಲಿಗೆ ಬಿಟ್ಟಿದ್ದ ಕಡೆ ಬೆರಳು ತೂರಿಸಿ ಹಿಂಬದಿಯ ಗಂಟು ಹುಡುಕತೊಡಗಿದರು. "ಕೈ ಛಲೋ ಅದ. ಆದರ ಹಿಂದ ಗಂಟು ಬಿಟ್ಟಾರ" ಎಂದರು.

ನಾನು ಹಿಂದಿನ ಗೋಡೆಯ ಹತ್ತಿರ ಹೋದೆ. ಅಲ್ಲಿ ಸೂರಿನಿಂದ ಒಂದು ಹಗ್ಗ ಇಳಿಬಿದ್ದಿತ್ತು. ಕೈ ಹಿಡಿಯುವ ಜಾಗದಲ್ಲಿ ಕೆಂಪು–ಬಿಳಿ ಉಣ್ಣೆ ಸುತ್ತಿ, ತುದಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿದ್ದರು. ನೀವು ನನ್ನನ್ನು ಬೈಯುವ ಮೊದಲು ಒಂದು ಮಾತು: ನಾನು ದೇವರ ಮನೆಗೆ ಬಂದಿದ್ದೆ, ಚಪ್ಪಲಿ ಬಿಟ್ಟಿದ್ದೆ, ಎದುರಿಗೆ ಗಂಟೆಯ ಹಗ್ಗ. ಬಂದಿದ್ದೇನೆ ಎಂದು ಹೇಳದೆ ಒಳಗೆ ನಿಲ್ಲುವುದು ಯಾವ ಮರ್ಯಾದೆ? ಎಳೆದೆ. ಏನೂ ಆಗಲಿಲ್ಲ. ಮೈಭಾರ ಬಿಟ್ಟು ಇನ್ನೊಮ್ಮೆ ಎಳೆದೆ. ತಲೆಯ ಮೇಲೆ ಸೂರೇ ಬಿದ್ದ ಹಾಗೆ ಗಂಟೆ ಹೊಡೆಯಿತು. ಹಗ್ಗ ನನ್ನ ಕೈ ತಪ್ಪಿಸಿಕೊಂಡು ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಗಂಟೆ ನಿಧಾನವಾಗಿ, ನನ್ನ ಹಂಗಿಲ್ಲದೆ, ತಾನೇ ಐದಾರು ಪೆಟ್ಟು ಹೊಡೆದುಕೊಂಡು ನಿಂತಿತು. ಹೊರಗೆ ಕಾಗೆಗಳೆಲ್ಲ ಎದ್ದವು.

"ಅಮ್ಮಾ!" ಎಂದಳು ನಮ್ಮ ಹಿಂದೆಯೇ ಒಳಗೆ ಬಂದಿದ್ದ ಅನಘಾ. ಅತ್ತೆ ಕುರಿಯ ಮೆತ್ತೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

ನಾಲ್ಕೈದು ನಿಮಿಷ ಕಳೆದಿರಬೇಕು. ಬಾಗಿಲು ಧಡಾರನೆ ತೆರೆಯಿತು. ಎಪ್ಪತ್ತರ ಆಸುಪಾಸಿನ ಹೆಂಗಸು, ಮೊಣಕೈವರೆಗೆ ಹಿಟ್ಟು, ಏಪ್ರನ್, ಕಾಲಲ್ಲಿ ಮನೆಯೊಳಗೆ ಹಾಕುವ ಮೆತ್ತನೆಯ ಚಪ್ಪಲಿ. ಒಂದು ದಾರಿಯಲ್ಲೇ ಬಿದ್ದುಹೋಗಿತ್ತು. ಏದುಸಿರು ಬಿಡುತ್ತಾ ಬೆಂಚು ಹಿಡಿದು ನಿಂತು ಇಂಗ್ಲಿಷಿನಲ್ಲಿ ಕೇಳಿದಳು: "ಹ್ಯೂ ಹೋದನಾ? ಆಸ್ಪತ್ರೆಯವರು ನಿಮಗೆ ಹೇಳಿದರಾ? ನನಗೇಕೆ ಮೊದಲು ಹೇಳಲಿಲ್ಲ?"

ಅವಳ ಹೆಸರು ಗ್ವೆನ್. ಮನೆ ಚರ್ಚಿನ ಎದುರಿಗೇ. ಗಂಡ ಹ್ಯೂ ಮೂರು ವಾರದಿಂದ ಪೇಟೆಯ ಆಸ್ಪತ್ರೆಯಲ್ಲಿದ್ದ. ಆ ಊರಿನಲ್ಲಿ ಭಾನುವಾರದ ಪ್ರಾರ್ಥನೆ ಬಿಟ್ಟರೆ ಆ ಗಂಟೆ ಹೊಡೆಯುವುದು ಸಾವಿಗೆ ಮಾತ್ರ. ಒಂದೊಂದೇ ಪೆಟ್ಟು, ನಿಧಾನವಾಗಿ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೆ: ನಾನು ಈ ಹೆಂಗಸಿನ ಗಂಡನನ್ನು ಸಾಯಿಸಿಬಿಟ್ಟಿದ್ದೇನೆ. ಇಪ್ಪತ್ತು ವರ್ಷದ ಇಂಗ್ಲಿಷ್ ನನ್ನನ್ನು ಬಿಟ್ಟುಹೋಯಿತು.

ಅತ್ತೆಗೆ ಮಾತು ಅರ್ಥವಾಗಿರಲಿಲ್ಲ, ಮುಖ ಅರ್ಥವಾಗಿತ್ತು. ಮೆತ್ತೆ ಕೆಳಗಿಟ್ಟು ಎದ್ದರು. ನನ್ನ ಮುಂದೆ ಬಂದು ನಿಂತು, ಎದೆಯ ಮೇಲೆ ಕೈಯಿಟ್ಟು, ಹಗ್ಗದ ಕಡೆ ತೋರಿಸಿ, "ಮೀ. ಬೆಲ್, ಮೀ. ಸಾರಿ" ಎಂದರು. ಕೈ ಮುಗಿದರು. ಆಮೇಲೆ ಗ್ವೆನ್‌ಳನ್ನು ಬೆಂಚಿನ ಮೇಲೆ ಕೂರಿಸಿ, ಚೀಲದಿಂದ ಕಲ್ಲುಸಕ್ಕರೆ ತೆಗೆದು ಅವಳ ಬಾಯಿಗೆ ಹಾಕಿ, ತಾವು ನೆಲದ ಮೇಲೆ ಕುಳಿತು ಅವಳ ಬರಿಗಾಲಿನ ಅಂಗಾಲು ತಿಕ್ಕತೊಡಗಿದರು. ಗ್ವೆನ್ ಬೇಡವೆನ್ನಲಿಲ್ಲ.

ಕೊನೆಗೆ ಬಾಯಿ ಬಿಟ್ಟವಳು ಅನಘಾ. ನಾವು ಪ್ರವಾಸಿಗಳು, ನಮ್ಮಲ್ಲಿ ದೇವಸ್ಥಾನಕ್ಕೆ ಹೋದರೆ ಗಂಟೆ ಹೊಡೆಯುತ್ತಾರೆ, ಆಸ್ಪತ್ರೆಯಿಂದ ಯಾರೂ ಏನೂ ಹೇಳಿಲ್ಲ ಎಂದು ತನ್ನ ಟೆಕ್ಸಸ್ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಯಾರು ಹೊಡೆದದ್ದು ಎಂದು ಅವಳೂ ಹೇಳಲಿಲ್ಲ. ಗ್ವೆನ್ ಎದ್ದು, "ಆದರೂ ಒಂದು ಸಲ ಕೇಳಿಬಿಡುತ್ತೇನೆ" ಎಂದಳು. ಮೊಬೈಲಿಗೆ ಸಿಗ್ನಲ್ ಇಲ್ಲದ ಊರು. ನಾಲ್ವರೂ ರಸ್ತೆ ದಾಟಿ ಅವಳ ಮನೆಗೆ ಹೋದೆವು. ಗೋಡೆಯ ಫೋನು ಹಿಡಿದು ಅವಳು ಕಾಯುತ್ತಿದ್ದ ಆ ಎರಡು ನಿಮಿಷ ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆಮೇಲೆ ಅವಳು ಫೋನ್ ಇಟ್ಟು, ಗೋಡೆಗೆ ಒರಗಿ ನಕ್ಕಳು. ಹ್ಯೂ ಎದ್ದು ಕುಳಿತಿದ್ದಾನೆ, ಟೀ ತಣ್ಣಗಿದೆ ಎಂದು ನರ್ಸಿನ ಜೊತೆ ಜಗಳವಾಡುತ್ತಿದ್ದಾನೆ.

ಗ್ವೆನ್ ನಮ್ಮನ್ನು ಹಾಗೆಯೇ ಕಳಿಸಲಿಲ್ಲ. ಟೀ ಮಾಡಿ, ಒಣದ್ರಾಕ್ಷಿ ಹಾಕಿದ ಕಪ್ಪಗಿನ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ನಾನು ಕೇಳಲು ಬಾಯಿ ತೆರೆದೆ. ಅತ್ತೆ ತಡೆದರು. "ತತ್ತಿ ಹಾಕ್ಯಾರೇನು ಅಂತ ಕೇಳಬ್ಯಾಡ. ಕೇಳಿದ್ರ ತಿನ್ನಲಿಕ್ಕೆ ಬರೂದಿಲ್ಲ." ತಿಂದರು, ಇನ್ನೊಂದು ಚೂರು ಕೇಳಿ ತಿಂದರು. ಕುರಿಯ ಮೆತ್ತೆಯ ಕಸೂತಿ ಗ್ವೆನ್‌ಳದೇ ಎಂದು ತಿಳಿದಾಗ ಇಬ್ಬರಿಗೂ ಭಾಷೆಯ ಅಗತ್ಯವೇ ಬೀಳಲಿಲ್ಲ. ಒಬ್ಬರು ಧಾರವಾಡದ ಕನ್ನಡ, ಒಬ್ಬರು ವೆಲ್ಶ್, ನಡುವೆ ಒಂದು ಸೂಜಿ. ಗಂಟು ಬೀಳದ ಹಾಗೆ ದಾರ ತಿರುಗಿಸುವುದನ್ನು ಅತ್ತೆ ಒಂದು ಗಂಟೆ ಕೂತು ಕಲಿಸಿದರು. ಹೊರಡುವಾಗ ಗ್ವೆನ್ ನಮ್ಮ ವಿಳಾಸ ಬರೆದುಕೊಂಡಳು.

ಕಾರಿನಲ್ಲಿ ಕೇಳಿದೆ. "ಅತ್ತೆ, ನೀವ್ಯಾಕೆ ಹಾಗಂದ್ರಿ? ಹೊಡೆದಿದ್ದು ನಾನಲ್ವಾ?"

"ನಿನಗ ಇಂಗ್ಲಿಷ್ ಬರ್ತದ. ಆಕಿ ಬೈದಿದ್ರ ಎಲ್ಲಾ ತಿಳೀತಿತ್ತು. ನನಗ ಬೈದ್ರ ಏನು ತಿಳೀತದ? ಗಾಡಿ ನೋಡ್ಕೊಂಡು ನಡಸು."

ಸಂಜೆ ಮಗನ ಮುಂದೆಯೂ ತಾವೇ ಹೊಡೆದೆ ಎಂದರು. ಮಗ ನಂಬಿದರು. ನನ್ನ ಚಟ ಗೊತ್ತಿದ್ದೂ ನಂಬಿದರು, ಏಕೆಂದರೆ ಹೇಳಿದ್ದು ಅಮ್ಮ. ಹಾಗೆ ಆ ಕಥೆ ಟೆಕ್ಸಸ್ಸಿಗೆ ಬಂತು, ಅತ್ತೆ ಪ್ರಸಿದ್ಧರಾದರು, ನಾನು ಮೂಲೆಯಲ್ಲಿ ಕುಳಿತು ಕೋಸಂಬರಿ ತಿನ್ನುತ್ತಾ ಕೇಳಿಸಿಕೊಂಡೆ.

ಚಳಿಗಾಲ ಕಳೆದ ಮೇಲೆ ಗ್ವೆನ್‌ಳಿಂದ ಕಾಗದ ಬಂತು. 'ಗಂಟೆ ಹೊಡೆದ ಅಮ್ಮನಿಗೆ' ಎಂದು ಲಕೋಟೆಯ ಮೇಲೆ ಬರೆದಿತ್ತು. ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಕನ್ನಡ ಮಾಡಿ ಅತ್ತೆಗೆ ಓದಿದೆ. ಹ್ಯೂ ತೀರಿಕೊಂಡಿದ್ದ, ಮನೆಯಲ್ಲೇ, ಅವಳು ಪಕ್ಕದಲ್ಲಿದ್ದಾಗ. ನೀವು ಹೋದ ಸಂಜೆ ನಾನು ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಿದೆ, ಎಂದು ಬರೆದಿದ್ದಳು. ಐವತ್ತು ವರ್ಷದಲ್ಲಿ ನೀನು ನನಗಾಗಿ ಓಡಿದ್ದು ಇದೇ ಮೊದಲು ಎಂದು ಹ್ಯೂ ವಾರ್ಡಿಗೆಲ್ಲ ಕೇಳುವ ಹಾಗೆ ನಕ್ಕ. ಮನೆಗೆ ಬಂದ ಮೇಲೂ ನೋಡಲು ಬಂದವರಿಗೆಲ್ಲ, ನನ್ನ ಹೆಂಡತಿ ಒಂದೇ ಚಪ್ಪಲಿಯಲ್ಲಿ ಓಡಿದಳು ಎಂದು ಹೇಳಿಕೊಂಡ. ಅವನು ಹೋದ ದಿನ ಗಂಟೆ ಹೊಡೆದಾಗ ನಾನು ಬಾಗಿಲಲ್ಲಿ ಕುಳಿತು ಪೂರ್ತಿ ಕೇಳಿದೆ. ಹೆದರಿಕೆಯಾಗಲಿಲ್ಲ. ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು, ಎಂದು ಗ್ವೆನ್ ಕಾಗದ ಮುಗಿಸಿದ್ದಳು.

ನನ್ನ ಕಣ್ಣು ಒದ್ದೆಯಾಗಿತ್ತು. "ಅತ್ತೆ, ಉತ್ತರದಲ್ಲಿ ನಿಜ ಬರೆದುಬಿಡ್ತೀನಿ. ಹೊಡೆದವಳು ನಾನು ಅಂತ" ಎಂದೆ.

"ಏನೂ ಬ್ಯಾಡ. ಆಕಿ ನನಗ ಬರದಾಳ. ನೀ ನಡುವ ಬರಬ್ಯಾಡ" ಎಂದರು ಅತ್ತೆ. "ಪೆನ್ನು ತಗೋ. ನಾ ಹೇಳ್ತೀನಿ, ಬರಿ."

ಕನ್ನಡಕ ತೆಗೆದಿಟ್ಟು, ಕಿಟಕಿಯಾಚೆಗಿನ ಮೆಂತ್ಯದ ಮಡಿಯನ್ನು ನೋಡುತ್ತಾ ಹೇಳಿದರು.

"ನಿಮ್ಮ ಊರಾಗ ಗಂಟಿ ಹೊಡದು ಹೇಳ್ತೀರಿ. ಅದು ಭಾಳ ಛಲೋ ಪದ್ಧತಿ. ನಮ್ಮ ಕಡೆ ಹೇಳೂದಿಲ್ಲ, ಮುಚ್ಚಿಡ್ತಾರ. ನನ್ನ ಮನಿಯವರು ಹೋದಾಗ ನಾ ಬ್ಯಾರೆ ಊರಾಗಿದ್ದೆ. ಎಲ್ಲಾರೂ ಆರಾಮ ಇದ್ದಾರ ಅಂದ್ರು. ಬಸ್‌ಸ್ಟ್ಯಾಂಡಿನಾಗ ಅವರಿಗಂತ ಒಂದು ಡಜನ್ ಮೋಸಂಬಿ ತಗೊಂಡೆ. ಎರಡು ತಾಸು ತೊಡಿ ಮ್ಯಾಲೆ ಇಟ್ಕೊಂಡು ಕೂತಿದ್ದೆ. ಮನೀ ಮುಂದ ಮಂದಿ ನಿಂತಿದ್ರು."

ಪೆನ್ನು ನಿಂತುಹೋಯಿತು. ಮೋಸಂಬಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ.

"ಅತ್ತೆ, ಅವತ್ತು ಫೋನಲ್ಲಿ ನಾನು ಹೇಳಿದ್ದು... ನನ್ನ ಕ್ಷಮಿಸಿಬಿಡಿ. ನಾನು ಹಾಗೆ ಹೇಳಬಾರದಿತ್ತು."

ಅತ್ತೆ ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ಮಗುವೊಂದು ಗೊತ್ತಿರುವ ಪಾಠ ತಪ್ಪು ಹೇಳಿದಾಗ ನೋಡುವ ಹಾಗೆ ನೋಡಿದರು.

"ನಿನ್ನ ದನಿ ಕೇಳಿದ ಕೂಡ್ಲೆ ತಿಳೀತು ನನಗ, ಅವರು ಹೋಗ್ಯಾರ ಅಂತ. ನಡಗಲಿಕ್ಕತ್ತಿದ್ದಿ ನೀ."

"ಮತ್ತೆ... ಮೋಸಂಬಿ?"

"ಅಷ್ಟು ದೂರದಿಂದ, ಅಷ್ಟು ಕಷ್ಟಪಟ್ಟು ಹೇಳಿದ್ದಿ. ಅದನ್ನ ಸುಳ್ಳು ಯಾಕ ಮಾಡಲಿ ಅಂತ ತಗೊಂಡೆ."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಇಷ್ಟು ವರ್ಷ ಅಳಬೇಕಾಗಿದ್ದದ್ದನ್ನೆಲ್ಲ ಅತ್ತು ಮುಗಿಸಿದೆ. ಅವರು ಸ್ವಲ್ಪ ಹೊತ್ತು ನನ್ನ ಬೆನ್ನು ಸವರಿದರು. ಆಮೇಲೆ, ಕಣ್ಣೀರು ಬೀಳದ ಹಾಗೆ ಕಾಗದವನ್ನು ಪಕ್ಕಕ್ಕೆ ಸರಿಸಿ, ಪೆನ್ನನ್ನು ಮತ್ತೆ ನನ್ನ ಬೆರಳುಗಳ ನಡುವೆ ಇಟ್ಟರು.

"ಅಳೂದು ಆಮ್ಯಾಲೆ. ಮದಲ ಕಾಗದ ಮುಗಸು. ಅಲ್ಲೆ ಆಕಿ ಒಬ್ಬಾಕೀನ ಕೂತು ಕಾಯಲಿಕ್ಕತ್ತಿರ್ತಾಳ."